ಹದಿನಾಲ್ಕನೇ ಪುಸ್ತಕ, ನಾಲ್ಕು ಬಸ್ಸು

ಒಂದು ಕೆಲಸವನ್ನು ಕ್ರಮವಾಗಿ ಮಾಡುತ್ತೇನೆಂದು ಹೊರಟವನಿಗೆ ಅಡ್ಡ ಬರುವ ಜನ ಎಲ್ಲ ಊರಿನಲ್ಲೂ ಇರುತ್ತಾರೆ. ನನಗೆ ಮಾತ್ರ ಅವರು ನಾಲ್ಕು ತಾಲ್ಲೂಕಿನಿಂದ ಬಸ್ಸು ಮಾಡಿಕೊಂಡು ಬರುತ್ತಾರೆ.

ಇದು ಮಾತಿಗೆ ಹೇಳಿದ್ದಲ್ಲ. ನರಸಾಪುರದ ಒಂದು ಕಾರ್ಖಾನೆಯಲ್ಲಿ ನಾನು ಗುಣಮಟ್ಟ ವಿಭಾಗದ ಮುಖ್ಯಸ್ಥ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ಕಡೆಯಿಂದ ಕಂಪನಿ ಬಸ್ಸುಗಳು ಬರುತ್ತವೆ. ಮಧ್ಯಾಹ್ನ ಒಂದು ಶಿಫ್ಟು ಇಳಿದು ಇನ್ನೊಂದು ಹತ್ತುವ ಮುಂಚಿನ ಅರ್ಧ ಗಂಟೆ ಎಲ್ಲರೂ ಕ್ಯಾಂಟೀನಿನಲ್ಲಿ ಸೇರುತ್ತಾರೆ. ಆ ಅರ್ಧ ಗಂಟೆಯಲ್ಲಿ ನಾನು ಮೂಲೆಯ ಮೇಜಿನಲ್ಲಿ ಕೂತು ಓದುತ್ತೇನೆ. ಓದುತ್ತಿದ್ದೆ ಎನ್ನುವುದು ಸರಿ.

ನಾನು ಓದುತ್ತಿದ್ದುದು ಇಂಗ್ಲಿಷಿನ ಒಂದು ದೊಡ್ಡ ಸರಣಿ. ಒಟ್ಟು ಹತ್ತೊಂಬತ್ತು ಪುಸ್ತಕ, ಲೋಕ ಒಂದೇ. ರಾಜರು, ಹಡಗುಗಳು, ಮಂತ್ರ ಬಲ್ಲವರು. ಒಂದು ಪುಸ್ತಕದವರು ಇನ್ನೊಂದರಲ್ಲಿ ಬಂದು ಹೋಗುತ್ತಾರೆ. ಅವುಗಳ ನಡುವೆ ಐದನೆಯದು, ಒಂಬತ್ತನೆಯದು, ಹದಿನಾಲ್ಕನೆಯದು ಮಾತ್ರ ದೆವ್ವದ ಕಾದಂಬರಿಗಳು. ಈ ಮೂರನ್ನು ಮೂಲ ಲೇಖಕರು ಇನ್ನೊಬ್ಬರ ಜೊತೆ ಸೇರಿ ಬರೆದಿದ್ದಾರೆ. ಅದೇ ಲೋಕದ ಒಂದು ಸಣ್ಣ ಊರು, ಊರಾಚೆ ಒಂದು ಬಾವಿಮನೆ, ಅದಕ್ಕೊಂದು ಬಾಗಿಲು. ಐದರಲ್ಲಿ ಬಾಗಿಲು ಅಲುಗುತ್ತದೆ. ಒಂಬತ್ತರಲ್ಲಿ ಒಳಗಿನಿಂದ ಯಾರೋ ತಟ್ಟುತ್ತಾರೆ. ಹದಿನಾಲ್ಕರಲ್ಲಿ ತೆರೆಯುತ್ತದೆ.

ನಾನು ಹತ್ತರಲ್ಲಿದ್ದೆ. ನನಗೆ ಬೇಕಾಗಿದ್ದದ್ದು ಒಂದೇ. ಆ ಬಾಗಿಲ ಹಿಂದೆ ಯಾರಿದ್ದಾರೆ ಎಂಬುದನ್ನು ಯಾರ ಬಾಯಿಂದಲೂ ಕೇಳದೆ, ನಡುವಿನ ಯಾವ ಪುಸ್ತಕವನ್ನೂ ಹಾರಿಸದೆ, ನಾನೇ ಓದಿ ತಿಳಿಯಬೇಕು. ಕೊನೆಯ ಪುಟ ಮೊದಲು ನೋಡುವುದು ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿದಷ್ಟೇ ನಾಚಿಕೆಗೇಡು ಎಂದು ನನಗೆ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕಲಿಸಿದ್ದರು. ಇದು ದೊಡ್ಡ ಆಸೆಯೇನಲ್ಲ. ಒಬ್ಬ ಮನುಷ್ಯನಿಗೆ ಇಷ್ಟನ್ನು ನಡೆಸಿಕೊಡಲಾಗದ ಸಮಾಜದ ಬಗ್ಗೆ ನಾನು ಕೆಳಗೆ ಬರೆದಿದ್ದೇನೆ.

ಮಾಲೂರಿನ ಬಸ್ಸು

ಮೊದಲು ಗಂಟುಬಿದ್ದವರು ನಮ್ಮ ಸ್ಟೋರ್ಸ್ ಮೇಡಂ. ಮಾಲೂರಿನವರು. ಒಂದು ವಾಷರ್ ಬೇಕೆಂದರೂ ಮೂರು ಸಹಿ ಕೇಳುವವರು, ಹಾಗಾಗಿ ನನಗೆ ಅವರ ಮೇಲೆ ಗೌರವವಿತ್ತು.

"ಸಾರ್, ನಿಮ್ಮ ಹತ್ರ ದೆವ್ವದ ಪುಸ್ತಕ ಮೂರು ಇದೆಯಂತೆ. ಕೊಡಿ ಸಾರ್, ಓದಿ ಕೊಡ್ತೀನಿ."

"ಮೂರಲ್ಲ, ಹತ್ತೊಂಬತ್ತು ಇವೆ. ಒಂದರಿಂದ ಶುರು ಮಾಡಿ."

"ಒಂದರಲ್ಲಿ ದೆವ್ವ ಇದ್ಯಾ?"

"ಇಲ್ಲ. ಆದರೆ ಆ ಊರಿನ ರಾಜ ಯಾರು, ಆ ಬಾವಿ ತೋಡಿಸಿದ್ದು ಯಾಕೆ, ಇವೆಲ್ಲ ಗೊತ್ತಾಗಬೇಕಾದರೆ ಮೊದಲ ನಾಲ್ಕು ಓದಲೇಬೇಕು. ಅದು ಕ್ರಮ."

ಮೇಡಂ ನನ್ನನ್ನು, ಸಹಿಯಿಲ್ಲದ ಇಂಡೆಂಟ್ ಚೀಟಿ ನೋಡುವ ಹಾಗೆ ನೋಡಿದರು. "ಸಾರ್, ನಾನು ಮಾಲೂರಿನ ಬಸ್ ಹತ್ತಿದ್ರೆ ಮಾಲೂರಲ್ಲಿ ಇಳೀತೀನಿ. ಕ್ರಮ ಇರಲಿ ಅಂತ ಮೊದಲು ಹೊಸೂರು ನೋಡ್ಕೊಂಡು ವಾಪಸ್ ಬಂದು ಇಳಿಯಲ್ಲ."

ಕೊಟ್ಟೆ. ಐದರಿಂದ ಶುರು, ಒಂದು ಸಲಕ್ಕೆ ಒಂದೇ. ಕೊಡದೆ ಇರುವ ಹಾಗಿರಲಿಲ್ಲ. ಓದದೆ ಕಪಾಟಿನಲ್ಲಿ ಕೂರಿಸಿದ ಪುಸ್ತಕ ಗೋದಾಮಿನಲ್ಲಿ ತುಕ್ಕು ಹಿಡಿಯುವ ಮಾಲಿಗೆ ಸಮ ಎಂದು ನಾನೇ ಹತ್ತು ಜನರೆದುರು ಹೇಳಿದ್ದೆ. ಕ್ಯಾಂಟೀನಿನ ಬೋರ್ಡಿಗೆ ಒಂದು ಪಟ್ಟಿ ಅಂಟಿಸಿದೆ: ಹೆಸರು, ಪುಸ್ತಕದ ಸಂಖ್ಯೆ, ಕೊಟ್ಟ ದಿನ. ಒಂದು ವಾರದಲ್ಲಿ ಪಟ್ಟಿ ತುಂಬಿತು. ಪುಸ್ತಕದ ಸಂಖ್ಯೆ ಬರೆಯುವ ಸಾಲಿನಲ್ಲಿ ಎಲ್ಲರದ್ದೂ ಒಂದೇ: ಐದು, ಒಂಬತ್ತು, ಹದಿನಾಲ್ಕು. ಉಳಿದ ಹದಿನಾರನ್ನು ಕೇಳಿದವರು ಒಬ್ಬರೇ, ಕ್ಯಾಂಟೀನಿನ ಅಡುಗೆಯವರು. ಅವರ ಒಂದು ಮೇಜಿನ ಕಾಲು ಗಿಡ್ಡವಾಗಿತ್ತು.

ಇಬ್ಬರಲ್ಲಿ ಯಾರು

ಹದಿನಾಲ್ಕನೆಯದಕ್ಕೆ ಪಟ್ಟಿಯಲ್ಲಿ ಮೊದಲ ಹೆಸರು ಇಬ್ಬರದು. ಒಬ್ಬರು ಮುಳಬಾಗಿಲಿನ ಸೂಪರ್‌ವೈಸರ್, ಎಲ್ಲರ ಬಾಯಲ್ಲಿ 'ಮುಳಬಾಗಿಲಣ್ಣ'. ಇನ್ನೊಬ್ಬ ಶ್ರೀನಿವಾಸಪುರದ ಎಲೆಕ್ಟ್ರಿಷಿಯನ್. ಮನೆಯಲ್ಲಿ ಮಾವಿನ ತೋಪು, ಕಾರ್ಖಾನೆಯಲ್ಲಿ ಪ್ಯಾನೆಲ್ ಬೋರ್ಡು. ಇಬ್ಬರಿಗೂ ಒಂದೇ ದಿನ ಒಂದೇ ಪುಸ್ತಕ ಬೇಕಾಗಿತ್ತು. ಇಬ್ಬರದೂ ಬೇರೆ ಬೇರೆ ಶಿಫ್ಟು. ಆದ್ದರಿಂದ ಒಂದೇ ಪ್ರತಿಯನ್ನು ಹಂಚಿಕೊಂಡರು.

ಒಂದು ದಿನ ಕ್ಯಾಂಟೀನಿನಲ್ಲಿ ಚರ್ಚೆ ಎದ್ದಿತು. ಇಬ್ಬರು ಸೇರಿ ಒಂದು ಕಾದಂಬರಿ ಹೇಗೆ ಬರೆಯುತ್ತಾರೆ?

"ದೋಸೆ ಇದ್ದಂಗೆ," ಎಂದರು ಮುಳಬಾಗಿಲಣ್ಣ. "ಒಬ್ಬರು ರುಬ್ಬಿಕೊಡ್ತಾರೆ, ಒಬ್ಬರು ಹುಯ್ತಾರೆ."

"ಅಲ್ಲಣ್ಣಾ, ಶಿಫ್ಟು. ಒಬ್ಬರು ಬೆಳಗ್ಗೆ, ಒಬ್ಬರು ಮಧ್ಯಾಹ್ನ," ಎಂದ ಎಲೆಕ್ಟ್ರಿಷಿಯನ್.

ನಾನು ಪುಸ್ತಕ ಮಡಚಿದೆ. ಅಜ್ಞಾನವನ್ನು ಒಂದು ಮಟ್ಟದವರೆಗೆ ಸಹಿಸಬಹುದು. "ಅಷ್ಟು ಕಷ್ಟವಿಲ್ಲ. ಭಾಷೆ ತಿಳಿದವನಿಗೆ ಒಂದು ಸಾಲು ಸಾಕು. ಮೂಲ ಲೇಖಕರದ್ದು ಉದ್ದದ ವಾಕ್ಯ, ಹರಿವು. ದೆವ್ವದ ಲೇಖಕರದ್ದು ಚಿಕ್ಕದು, ತಣ್ಣಗೆ, ಕತ್ತರಿಸಿದ ಹಾಗೆ. ಯಾವ ಪುಟ ಬೇಕಾದರೂ ಓದಿ, ಯಾರದ್ದೆಂದು ಹೇಳುತ್ತೇನೆ."

ಸ್ಟೋರ್ಸ್ ಮೇಡಂ ಮೇಜಿನ ಕೆಳಗೆ ಏನನ್ನೋ ಹಿಡಿದುಕೊಂಡು ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿದರು. ಕನ್ನಡದಲ್ಲಿ ಅದು ಸುಮಾರು ಹೀಗೆ: "ಅದು ದಣಿಯುವುದಿಲ್ಲ. ಅದಕ್ಕೆ ದಯೆಯಿಲ್ಲ. ಒಳಗೆ ಹೋದ ಕೈ ಹೊರಗೆ ಬರುವುದಿಲ್ಲ. ಈ ಎಚ್ಚರಿಕೆಯನ್ನು ಇನ್ನೊಮ್ಮೆ ಕೊಡಲಾಗುವುದಿಲ್ಲ."

"ದೆವ್ವದ ಲೇಖಕರು," ಎಂದೆ. "ಸಂಶಯವೇ ಇಲ್ಲ. ಆ ಸಂಯಮ ನೋಡಿ! ಓದುವವನ ಬೆನ್ನಲ್ಲಿ ತಣ್ಣೀರು ಹರಿಯಬೇಕು, ಆದರೆ ಬರೆದವನ ದನಿ ಏರಬಾರದು. ಇದು ಎಲ್ಲರಿಗೂ ಸಿದ್ಧಿಸುವುದಿಲ್ಲ."

"ಹೌದು ಸಾರ್," ಎಂದರು ಮೇಡಂ. "ಇದು ಪ್ರೆಸ್ ಮಷೀನ್ ಪಕ್ಕ ನೀವು ಹಾಕ್ಸಿರೋ ಸುತ್ತೋಲೆ."

ಅತ್ತೆಯ ಪಾತ್ರ

ಮುಳಬಾಗಿಲಿನಲ್ಲಿ ಸ್ನೇಹಿತರೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಬೇಕಿತ್ತು. ಕುಕ್ಕರಿನ ಡಬ್ಬ ಹಿಡಿದುಕೊಂಡು, ಅನುಮತಿ ಪಡೆದು, ಮುಳಬಾಗಿಲಿನ ಕಂಪನಿ ಬಸ್ಸು ಹತ್ತಿದೆ. ಆ ವಾರ ಮುಳಬಾಗಿಲಣ್ಣನಿಗೆ ಫಸ್ಟ್ ಶಿಫ್ಟ್. ನನಗೆ ತಿಳಿಯದೆ ಇದ್ದ ವಿಷಯವೆಂದರೆ, ಅವರು ಓದಿದ್ದನ್ನು ದಿನವೂ ಇಡೀ ಬಸ್ಸಿಗೆ ಹೇಳುತ್ತಿದ್ದರು. ಅರ್ಧ ಕನ್ನಡ, ಅರ್ಧ ತೆಲುಗು, ಇಂಜಿನ್ ಮೇಲೆ ಕೂತು, ಒಂದು ಕೈಯಲ್ಲಿ ಕಂಬಿ ಹಿಡಿದು.

"ಐದನೇ ಪುಸ್ತಕ ಇನ್ನೊಂದ್ಸಲ ಹೇಳಣ್ಣಾ, ಹೊಸಬರು ಬಂದವ್ರೆ" ಎಂದು ಹಿಂದಿನ ಸೀಟಿನಿಂದ ಕೂಗು ಬಂತು.

"ಹೇಳ್ತೀನಿ ಇರಪ್ಪಾ. ಆ ಅತ್ತೆ ಇದಾಳಲ್ಲ, ರಾಕ್ಷಸಿ, ಸೊಸೇನ ಕರೆದು ಏನಂದ್ಲು? ಏಮ್ಮಾ, ಬಿಂದಿಗೆ ತೊಗೊಂಡು ಹೋಗು, ಆ ಬಾವೀದೇ ನೀರು ಬೇಕು ನಂಗೆ ಅಂದ್ಲು. ಪಾಪ, ಆ ಗಡಿಯಾರ ರಿಪೇರಿ ತಾತ ಒಬ್ಬನೇ, ಹೋಗ್ಬೇಡ ತಾಯಿ ಅಂದ..."

ನಾನು ಸುಮ್ಮನಿರಲು ಪ್ರಯತ್ನಪಟ್ಟೆ. ಆಗಲಿಲ್ಲ. "ರೀ, ಐದನೇ ಪುಸ್ತಕದಲ್ಲಿ ಅತ್ತೆ ಇಲ್ಲ."

 ಮುಳಬಾಗಿಲಣ್ಣ ಬೇಸರ ಮಾಡಿಕೊಳ್ಳಲಿಲ್ಲ. "ಇಲ್ಲ ಸಾರ್, ನಾನೇ ಹಾಕಿದ್ದು. ಅತ್ತೆ ಇಲ್ದೆ ಹೋದ್ರೆ ಆ ಹುಡುಗಿ ಸಂಜೆ ಹೊತ್ತಲ್ಲಿ ಒಬ್ಳೇ ಅಂಥಾ ಬಾವಿಗೆ ಯಾಕೆ ಹೋಗ್ತಾಳೆ? ಇಬ್ಬರು ಬರೆದವ್ರೆ, ಕಾರಣ ಮಾತ್ರ ಬರೆದಿಲ್ಲ. ಮೂಲ ಕಾರಣ ಇಲ್ದೆ ಯಾವುದೂ ಆಗಲ್ಲ ಅಂತ ನೀವೇ ಹೇಳ್ತೀರಲ್ಲ ಸಾರ್."

ಹೇಳಿದ್ದೆ. ನನ್ನ ಸಿಟ್ಟು ಹೆಚ್ಚಿದ್ದು ಅದಕ್ಕೇ.

ಅಷ್ಟರಲ್ಲಿ ಬಸ್ಸು ಕೋಲಾರ ದಾಟಿತು. "ಅದು ಬಿಡಣ್ಣಾ, ನಿನ್ನೆ ಹದಿನಾಲ್ಕು ಎಲ್ಲಿಗೆ ನಿಲ್ಲಿಸಿದ್ಯೋ ಅಲ್ಲಿಂದ ಹೇಳು. ಬಾಗಿಲ ಹತ್ರ ಹೋದ್ರಲ್ಲ?" ಎಂದಿತು ಹಿಂದಿನ ಸೀಟು.

ನಾನು ಎದ್ದು ನಿಂತೆ. "ಡ್ರೈವರ್, ನಿಲ್ಲಿಸಿ."

"ಸಾರ್, ಇಲ್ಲಿ ಏನೂ ಇಲ್ಲ ಸಾರ್! ಎರಡೂ ಕಡೆ ಬರೀ ಟೊಮೇಟೊ ಹೊಲ."

"ಇರಲಿ."

ಹೆದ್ದಾರಿಯ ಬದಿಯಲ್ಲಿ, ಕುಕ್ಕರ್ ಹಿಡಿದುಕೊಂಡು ಇಳಿದೆ. ಬಾಗಿಲು ಮುಚ್ಚುವ ಮುಂಚೆ ಮುಳಬಾಗಿಲಣ್ಣ ಬಸ್ಸಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: "ನೋಡಿದ್ರಾ? ಇಂಗ್ಲಿಷ್ ಮೀಡಿಯಂ ಓದಿರೋರೇ ಹೆದರಿ ಇಳಿದುಬಿಟ್ರು. ಅಂಥಾ ಪುಸ್ತಕ ಅದು."

ಹಸ್ತಾಂತರ ಚೀಟಿ

ಇಬ್ಬರು ಒಂದು ಪ್ರತಿ ಓದುವುದರಲ್ಲಿ ತೊಂದರೆಯಾಗದೆ ಇರುತ್ತದೆಯೇ? ಒಬ್ಬ ಬಸ್ ಟಿಕೆಟ್ ಗುರುತಿಗೆ ಇಟ್ಟರೆ ಇನ್ನೊಬ್ಬ ಅದನ್ನು ತೆಗೆದು ಬೇರೆ ಕಡೆ ಇಡುತ್ತಿದ್ದ. ಎಲೆಕ್ಟ್ರಿಷಿಯನ್ ಓದಿದ ಮೂವತ್ತು ಪುಟಗಳನ್ನೇ ಮತ್ತೆ ಓದಿ, "ಸಾರ್, ಈ ಲೇಖಕರು ಹೇಳಿದ್ದೇ ಹೇಳ್ತಾರೆ" ಎಂದು ನನ್ನ ಹತ್ತಿರ ದೂರು ತಂದ.

ಇದಕ್ಕೆ ಪರಿಹಾರ ನಮ್ಮಲ್ಲೇ ಇತ್ತು. ಶಿಫ್ಟು ಬದಲಾಗುವಾಗ ಹೋಗುವವನು ಬರುವವನಿಗೆ ಯಂತ್ರದ ಸ್ಥಿತಿ ಬರೆದುಕೊಡುವ ಚೀಟಿ. ಅದರ ನಮೂನೆಯನ್ನು ನನ್ನ ಸ್ವಂತ ಕಾಗದದಲ್ಲಿ ಬರೆದು ಪುಸ್ತಕದೊಳಗೆ ಇಟ್ಟೆ. ಇಬ್ಬರ ಜಗಳ ಅಂದೇ ನಿಂತಿತು. ಹದಿನೈದು ದಿನದ ನಂತರ, ವ್ಯವಸ್ಥೆ ಸರಿಯಾಗಿ ನಡೆಯುತ್ತಿದೆಯೇ ನೋಡೋಣವೆಂದು ಚೀಟಿಯನ್ನು ಮಾತ್ರ ಹೊರಗೆಳೆದೆ. ಎಲೆಕ್ಟ್ರಿಷಿಯನ್ನನ ಕೈಬರಹ. ಪ್ರತಿ ಸಾಲೂ ಭರ್ತಿ.

ತಲುಪಿದ ಪುಟ: 212.
ಸ್ಥಿತಿ: ಸರಿ ಇದೆ.
ಅಸಹಜ ಶಬ್ದ: ಬಾವಿಮನೆ ಒಳಗಿಂದ ಬರುತ್ತಿದೆ.
ಸೋರಿಕೆ: ಗೋಡೆಯಿಂದ ರಕ್ತ. ಸ್ವಲ್ಪ.
ಬಾಕಿ ಕೆಲಸ: ಡಾಕ್ಟರಮ್ಮ ಸತ್ತಿದ್ದಾರೆ. ಹೆಣ ಸಿಕ್ಕಿಲ್ಲ. ಮುಂದಿನ ಶಿಫ್ಟಿನವರು ಹುಡುಕುವುದು.

ನಾನು ಆಗ ಹನ್ನೆರಡನೇ ಪುಸ್ತಕದಲ್ಲಿದ್ದೆ. ಅದರಲ್ಲಿ ಅದೇ ಡಾಕ್ಟರಮ್ಮನ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗುತ್ತಿತ್ತು. ಲೇಖಕರು ಇನ್ನೂರು ಪುಟ ಉಸಿರು ಬಿಗಿಹಿಡಿದು ಬರೆದಿದ್ದರು. ನಾನು ಕಾಲು ಚಾಚಿ ಓದಿ ಮುಗಿಸಿದೆ. ಹದಿನಾಲ್ಕರಲ್ಲಿ ಸಾಯಬೇಕಾದವರು ಹನ್ನೆರಡರಲ್ಲಿ ಮುಳುಗುವುದು ಹೇಗೆ?

ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. "ಏನ್ರೀ ಇದು? ಯಾರು ಸತ್ತರು, ಯಾರು ಬದುಕಿದರು ಅಂತ ಬರೆಯಲು ಯಾರು ಹೇಳಿದರು ನಿಮಗೆ?"

ಅವನು ಚೀಟಿಯನ್ನು ತಿರುಗಿಸಿ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟ. "'ಗಂಭೀರ ಘಟನೆಗಳನ್ನು ಮುಂದಿನವರಿಂದ ಮುಚ್ಚಿಡತಕ್ಕದ್ದಲ್ಲ.' ಕೆಳಗೆ ನಿಮ್ಮ ಸಹಿ ಇದೆ ಸಾರ್."

ಬಾವಿಗೆ ಮುಚ್ಚಳ

ಹದಿಮೂರನೇ ಪುಸ್ತಕ ಮುಗಿಯುವ ಹೊತ್ತಿಗೆ ಮಾವಿನ ಕಾಲ ಬಂತು. ಮಾವಿನ ಕಾಲದಲ್ಲಿ ಶ್ರೀನಿವಾಸಪುರದವರಿಂದ ಕೆಲಸ ನಿರೀಕ್ಷಿಸುವವನು ಮೂರ್ಖ. ಎಲೆಕ್ಟ್ರಿಷಿಯನ್ ಎರಡು ವಾರ ರಜೆ ಹಾಕಿ, ಹೋಗುವಾಗ ಹದಿನಾಲ್ಕನ್ನೂ ಒಯ್ದಿದ್ದ. ಈಗ ಸರದಿ ನನ್ನದು. ಭಾನುವಾರ ಬೆಳಿಗ್ಗೆ ನಾನೇ ಹೋದೆ.

ತೋಪಿನಲ್ಲಿ ಹಣ್ಣು ಕೀಳುತ್ತಿದ್ದರು. ಎಲೆಕ್ಟ್ರಿಷಿಯನ್ ಕೈ ಒರೆಸಿಕೊಂಡು ಓಡಿಬಂದ.

"ಸಾರ್, ಇನ್ನು ಮೂವತ್ತೇ ಪುಟ ಸಾರ್. ಬಾಗಿಲು ಇನ್ನೇನು ತೆಗೀತಾರೆ. ನಾನೂ ಓದಿಲ್ಲ, ಮುಳಬಾಗಿಲಣ್ಣನೂ ಓದಿಲ್ಲ. ಅಲ್ಲಿ ಬಸ್ಸಲ್ಲಿ ಜನ ಅವರನ್ನ ಸಾಯಿಸ್ತಾವ್ರಂತೆ. ಎರಡು ದಿನ ಬಿಡಿ."

"ಸರದಿ ಅಂದರೆ ಸರದಿ. ನಾನು ಮುಗಿಸಿದ ಮೇಲೆ ನೀವು. ಪುಸ್ತಕ ಎಲ್ಲಿ?"

ಪುಸ್ತಕ ಮನೆಯಲ್ಲಿರಲಿಲ್ಲ. ಮುಖಪುಟದಲ್ಲಿದ್ದ ಚಿತ್ರ ನೋಡಿ ಅವನ ತಾಯಿ ಅದನ್ನು ಹೊಸಿಲು ದಾಟಲು ಬಿಟ್ಟಿರಲಿಲ್ಲ. ತೋಪಿನ ಶೆಡ್ಡಿನಲ್ಲಿ, ಒಂದು ಬುಟ್ಟಿಯ ಹುಲ್ಲಿನ ಮೇಲೆ, ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಇಟ್ಟಿದ್ದರು. ನಾನು ಹತ್ತೊಂಬತ್ತು ಪುಸ್ತಕಗಳಿಗೂ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದವನು. 

ಆ ತಾಯಿ ನನ್ನ ಕೈಗೆ ಮಜ್ಜಿಗೆ ಕೊಟ್ಟು ಎದುರಿಗೆ ಕೂತರು. ಮಗ ಕಥೆಯನ್ನೆಲ್ಲ ಹೇಳಿದ್ದನಂತೆ.

"ನೀನು ಓದಿದೋನು, ಒಂದು ಮಾತು ಹೇಳು ನಾಯನಾ. ಆ ಬಾವಿಯಿಂದ ತಾನೇ ಎಲ್ಲಾ ಬರೋದು?"

"ಹೌದಮ್ಮ."

"ಮೂರು ಪುಸ್ತಕ ಬರೆದವ್ರಾ?"

"ಮೂರು."

"ಇಬ್ಬರು ಕೂತ್ಕೊಂಡಾ?"

"ಇಬ್ಬರು."

"ಇಬ್ಬರಲ್ಲಿ ಒಬ್ಬರಿಗಾದ್ರೂ ಅದಕ್ಕೊಂದು ಚಪ್ಪಡಿ ಕಲ್ಲು ಮುಚ್ಚಿಸ್ಬೇಕು ಅಂತ ಹೊಳೀಲಿಲ್ವಾ ನಾಯನಾ?"

ಕೋಲಾರಕ್ಕೆ ವಾಪಸ್ಸು ಬರುವ ತನಕ ಯೋಚಿಸಿದೆ. ಎಲ್ಲ ಸೇರಿ ಸಾವಿರದ ಇನ್ನೂರು ಪುಟ. ಒಂದು ಚಪ್ಪಡಿ.

ಹತ್ತು ಬೆರಳು

ಅಂತೂ ಓದಿದೆ. ಒಂದು ವಾರ, ಮನೆಯಲ್ಲಿ, ಫೋನ್ ಆರಿಸಿ. "ಅದ್ಯಾವ ದೆವ್ವವೋ, ಬೇಗ ಬಂದು ಹೋಗಲಿ" ಎಂದು ಹೆಂಡತಿ ಅಂದಳು. ಮುಂದಿನ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕೊನೆಯ ಪುಟಕ್ಕೆ ಬಂದೆ. ಯಾರೂ ಹೇಳಿರಲಿಲ್ಲ. ನನಗೆ ಬೇಕಾಗಿದ್ದದ್ದು ಸಿಕ್ಕಿತ್ತು. ಬಾಗಿಲು ತೆರೆಯಿತು. ಎರಡು ಕೈಗಳು ಬಾಗಿಲ ಅಂಚನ್ನು ಹಿಡಿದವು. ಹತ್ತು ಬೆರಳು ಒಂದೊಂದಾಗಿ ಬೆಳಕಿಗೆ ಬಂದವು ಎಂದು ಬರೆದಿದ್ದರು. ನಿಜಕ್ಕೂ ಮೈ ಜುಂ ಎಂದಿತು.

ಆಮೇಲೆ ಎದ್ದು ಹೋಗಿ ಒಂಬತ್ತನೇ ಪುಸ್ತಕ ತೆಗೆದು ನೋಡಿದೆ. ಅದರಲ್ಲಿ ಅದೇ ಮನುಷ್ಯನ ಬಲಗೈಯ ಎರಡು ಬೆರಳು ಕತ್ತರಿಸಿ ಹೋಗಿದ್ದವು. ಒಂದು ಇಡೀ ಅಧ್ಯಾಯ ಅದರ ಬಗ್ಗೆಯೇ ಇತ್ತು.

ನನಗಾದ ಸಂಕಟವನ್ನು ಹೇಳಲಾರೆ. ಒಬ್ಬರು ಕತ್ತರಿಸಿದ್ದಾರೆ, ಇನ್ನೊಬ್ಬರಿಗೆ ತಿಳಿಸಿಲ್ಲ. ಇಷ್ಟು ದಿನ ಕಾದದ್ದು ಈ ಕೊನೆಗೆ, ಆ ಕೊನೆಯಲ್ಲಿ ಎರಡು ಬೆರಳು ಹೆಚ್ಚು! ಇಂಥದ್ದನ್ನು ನೋಡಿ ಸುಮ್ಮನಿದ್ದರೆ ನಾನು ಮಾಡುವ ಕೆಲಸಕ್ಕೆ ಅರ್ಥವಿಲ್ಲ. ಭಾನುವಾರವೇ ಕೂತು, ಸ್ವಂತ ಕಾಗದದಲ್ಲಿ, ನಮ್ಮ ದೋಷ ವರದಿಯ ನಮೂನೆಯಲ್ಲಿ ಬರೆದೆ. ಇಬ್ಬರು ಒಂದೇ ವಸ್ತುವನ್ನು ಮಾಡುವಾಗ ಒಬ್ಬರಿಗೊಬ್ಬರು ತಿಳಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ ಎನಿಸಿ, ಸೋಮವಾರ ಮಧ್ಯಾಹ್ನ ಎರಡೂ ಶಿಫ್ಟಿನವರಿಗೆ ಕಾಣುವ ಹಾಗೆ ಕ್ಯಾಂಟೀನಿನ ಬೋರ್ಡಿಗೆ ಅಂಟಿಸಿದೆ. ದಪ್ಪ ಅಕ್ಷರ. ಕೆಳಗಿನ ಅರ್ಧ, ಸಂಬಂಧಪಟ್ಟವರು ತುಂಬಬೇಕಾದದ್ದು, ಖಾಲಿ ಬಿಟ್ಟೆ.

ನಾಲ್ಕು ಬಸ್ಸಿನ ಜನ ಬಂದು ಬೋರ್ಡಿನ ಮುಂದೆ ನಿಂತರು. ಯಾರೂ ಮಾತಾಡಲಿಲ್ಲ. ಪಾಠ ಮನಸ್ಸಿಗೆ ನಾಟಿದೆ ಎಂದುಕೊಂಡು ನಾನು ಕಾಫಿ ತೆಗೆದುಕೊಂಡೆ.

ಸ್ಟೋರ್ಸ್ ಮೇಡಂ ಗಟ್ಟಿಯಾಗಿ ಓದತೊಡಗಿದರು. "ದೋಷದ ವಿವರ: ಪುಸ್ತಕ ಹದಿನಾಲ್ಕು, ಕೊನೆಯ ಪುಟ. ಬಾವಿಮನೆಯ ಬಾಗಿಲ ಹಿಂದೆ ಇದ್ದ ಗಡಿಯಾರ ರಿಪೇರಿಯ ಮುದುಕನಿಗೆ..." ಅಲ್ಲಿಗೆ ನಿಲ್ಲಿಸಿ ನನ್ನ ಕಡೆ ತಿರುಗಿದರು. "ಗಡಿಯಾರದ ತಾತಾನಾ ಸಾರ್?"

ಕಾಫಿ ನನ್ನ ಕೈಯಲ್ಲೇ ಉಳಿಯಿತು.

"ಅಯ್ಯೋ ದೇವ್ರೇ, ಆ ಒಳ್ಳೇ ತಾತಾನಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲೆಕ್ಟ್ರಿಷಿಯನ್ ಸುಮ್ಮನೆ ಒಂದು ಕುರ್ಚಿ ಎಳೆದು ಕೂತ. ಮುಳಬಾಗಿಲಣ್ಣ ಮಾತ್ರ ನನ್ನ ಹತ್ತಿರ ಬಂದು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು: "ಸಾರ್, ನಾನು ಆ ಬಸ್ಸಲ್ಲಿ ಈಗ ಮುಳಬಾಗಿಲವರೆಗೂ ಏನು ಹೇಳ್ಲಿ?"

ಮರುದಿನ ನೋಡಿದರೆ ವರದಿಯ ಕೆಳಗಿನ ಅರ್ಧ ತುಂಬಿತ್ತು. ಮೂರು ಬೇರೆ ಬೇರೆ ಕೈಬರಹ.

ದೋಷ ಎಲ್ಲಿಯವರೆಗೆ ತಲುಪಿದೆ: ಎರಡು ಶಿಫ್ಟು, ನಾಲ್ಕು ಬಸ್ಸು.
ಮೂಲ ಕಾರಣ: ಸಾರ್ ಬೆರಳು ಎಣಿಸಿದರು.
ತಕ್ಷಣದ ಕ್ರಮ: ಇಲ್ಲ. ಗೊತ್ತಾದದ್ದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ.
ಮರುಕಳಿಸದಂತೆ ಕ್ರಮ: ಇನ್ನು ಮುಂದೆ ಸಾರ್ ಎಲ್ಲರಿಗಿಂತ ಕೊನೆಯಲ್ಲಿ ಓದತಕ್ಕದ್ದು.
ಒಪ್ಪಿಗೆ ಸಹಿ:

ಈ ಕಾರ್ಖಾನೆಗೆ ಸೇರಿದಾಗಿನಿಂದ ಸಾವಿರಾರು ದೋಷ ವರದಿ ನೋಡಿದ್ದೇನೆ. ಮೂಲ ಕಾರಣದ ಸಾಲಿನಲ್ಲಿ ನಿಜವಾದ ಮೂಲ ಕಾರಣ ಬರೆದಿದ್ದನ್ನು ಅದೇ ಮೊದಲ ಸಲ ನೋಡಿದ್ದು. ವಾಪಸ್ಸು ಕಳಿಸಲು ಒಂದೇ ಒಂದು ತಪ್ಪಾದರೂ ಸಿಗುತ್ತದೆಯೇ ಎಂದು ಎರಡು ಸಲ ಹುಡುಕಿದೆ. ಸಿಗಲಿಲ್ಲ. ಸಹಿ ಹಾಕಿದೆ.